ಗೆಳತಿ ಹಾಕಿಕೊಟ್ಟ ಇಟಲಿಯ ದಾರಿ

ನಮ್ಮ ಪರಿಚಯದವರಲ್ಲಿ ಯಾರಾದರೂ ಇಟಲಿಗೆ ಹೊರಟರೆ ಇವತ್ತಿಗೂ ಮೊದಲು ನನಗೆ ಫೋನ್ ಮಾಡುತ್ತಾರೆ. ಮಿಲಾನಿನಲ್ಲಿ ಎಷ್ಟು ದಿನ ಇರಬೇಕು, ಕೊಮೊ ಸರೋವರದ ದಂಡೆಯ ಯಾವ ಊರಲ್ಲಿ ಉಳಿಯಬೇಕು, ಬೆಟ್ಟ ನೋಡಲು ಎಲ್ಲಿಂದ ಹತ್ತಬೇಕು, ಎಲ್ಲವನ್ನೂ ನಾನು ತಡವರಿಸದೆ ಹೇಳುತ್ತೇನೆ. ಎಷ್ಟೊಂದು ತಿಳಿದುಕೊಂಡಿದ್ದೀರಿ ಎಂದು ಅವರು ಹೊಗಳುತ್ತಾರೆ. ಅದರಲ್ಲಿ ಒಂದು ಮಾತೂ ನನ್ನದಲ್ಲ. ಎಲ್ಲ ನನ್ನ ಗೆಳತಿಯದು, ಮತ್ತು ಆ ಗೆಳತಿ ನನ್ನ ಜೊತೆ ಮಾತು ಬಿಟ್ಟು ಬಹಳ ವರ್ಷಗಳಾದವು.

ನಾವಿಬ್ಬರೂ ಮೈಸೂರಿನಲ್ಲಿ ಬಿ.ಎ. ಓದುವಾಗ ಒಂದೇ ಬೆಂಚಿನಲ್ಲಿ ಕೂತವರು. ನಾನು ಉಡುಪಿ ಕಡೆಯಿಂದ ಬಂದು ಹಾಸ್ಟೆಲ್ ಸೇರಿದ್ದೆ, ಅವಳು ಮೈಸೂರಿನ ಮುಸ್ಲಿಂ ಮನೆತನದವಳು. ಅವಳ ಅಮ್ಮ ಕಳಿಸುತ್ತಿದ್ದ ಮಾವಿನಕಾಯಿ ಉಪ್ಪಿನಕಾಯಿಯಿಂದ ನನ್ನ ಹಾಸ್ಟೆಲ್ ಊಟ ಗಂಟಲಿಗಿಳಿಯುತ್ತಿತ್ತು. ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಇಬ್ಬರೂ ಗಂಡ ಮಕ್ಕಳೊಂದಿಗೆ ಕ್ಯಾಲಿಫೋರ್ನಿಯಾದಲ್ಲಿದ್ದೆವು. ಅವಳು ಲಾಸ್ ಏಂಜಲೀಸಿನ ಮೇಲುಗಡೆ ಸ್ಯಾಂಟಾ ಕ್ಲಾರಿಟಾದಲ್ಲಿ, ನಾನು ಸ್ಯಾನ್ ಡಿಯೇಗೊದ ರಾಂಚೊ ಬರ್ನಾರ್ಡೊದಲ್ಲಿ. ತಿಂಗಳ ಮೊದಲ ಶನಿವಾರ ಎರಡೂ ಮನೆಯವರು ಸಾಮಾನು ತರಲು ನಮ್ಮ ದೇಶದ ಅಂಗಡಿಗಳ ಬೀದಿಯಿರುವ ಆರ್ಟೀಸಿಯಾಕ್ಕೆ ಬರುತ್ತಿದ್ದೆವು. ಗಂಡಸರು ಮಕ್ಕಳನ್ನು ಕಟ್ಟಿಕೊಂಡು ಅಂಗಡಿ ಅಂಗಡಿ ತಿರುಗುವಾಗ ನಾವಿಬ್ಬರು ಚಾಟ್ ಅಂಗಡಿಯ ಮೂಲೆಯ ಟೇಬಲ್ ಹಿಡಿಯುತ್ತಿದ್ದೆವು. ಇಟಲಿ ಶುರುವಾದದ್ದು ಅಲ್ಲಿ.

ಮದುವೆಗೆ ಮೊದಲು ಅವಳು ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದ್ದಳು. ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಆಲ್ಪ್ಸ್ ಪರ್ವತ ಬರೆದು, ಅದರ ಬುಡದ ಸರೋವರಗಳನ್ನು ನೀಲಿ ಚಾಕ್‌ಪೀಸಿನಲ್ಲಿ ತುಂಬಿ, ಕೆಳಗೆ ಪೋ ನದಿಯ ಬಯಲು ತೋರಿಸುತ್ತಿದ್ದಳಂತೆ. ಒಮ್ಮೆ ಒಬ್ಬ ಹುಡುಗಿ ಎದ್ದು, ಮಿಸ್ ನೀವು ಅದನ್ನೆಲ್ಲ ನೋಡಿದ್ದೀರಾ ಎಂದು ಕೇಳಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಅದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹಿಂದಿನ ವರ್ಷವಷ್ಟೇ ನಮಗೆಲ್ಲ ಸಿಟಿಜನ್‌ಶಿಪ್ ಬಂದಿತ್ತು, ವೀಸಾಕ್ಕೆ ಯಾರ ಮುಂದೆಯೂ ನಿಲ್ಲಬೇಕಿರಲಿಲ್ಲ. ನಾವಿಬ್ಬರೇ ಹೋಗೋಣ, ಗಂಡ ಮಕ್ಕಳು ಬೇಡ, ಹನ್ನೆರಡು ದಿನ, ಎಂದಳು. ನಾನು ಯೋಚಿಸದೆ ಹೂಂ ಎಂದೆ.

ಆಗಸ್ಟಿನಿಂದ ಫೆಬ್ರವರಿಯವರೆಗೆ ಆ ಪ್ಲಾನ್ ಬೆಳೆಯಿತು. ಲಾಸ್ ಏಂಜಲೀಸಿನ ದೊಡ್ಡ ಲೈಬ್ರರಿಗೆ ಹೋಗಿ ಯೂರೋಪಿನ ರೈಲು ವೇಳಾಪಟ್ಟಿಯ ಪುಟಗಳನ್ನು ಅವಳು ಜೆರಾಕ್ಸ್ ಮಾಡಿಸಿದಳು. ಮ್ಯಾಪಿನ ಮೇಲೆ ಗೆರೆ ಎಳೆದಳು: ಮಿಲಾನ್, ಅಲ್ಲಿಂದ ಕೊಮೊ ಸರೋವರದ ವರೆನ್ನಾ, ಆಮೇಲೆ ವೆರೋನಾ, ಬೆಟ್ಟಗಳಿಗಾಗಿ ಬೊಲ್ಜಾನೊ, ಕೊನೆಗೆ ವೆನಿಸ್. ನಾನು ರೋಮನ್ನೂ ಫ್ಲಾರೆನ್ಸನ್ನೂ ತುರುಕಲು ನೋಡಿದೆ, ಅವಳು ಬಿಡಲಿಲ್ಲ. ಅಷ್ಟೇ ಅಲ್ಲ, ವರೆನ್ನಾದಲ್ಲಿ ಒಂದು ದಿನವನ್ನು ಖಾಲಿ ಬಿಟ್ಟಳು. ಅಂದು ಏನೂ ನೋಡುವಂತಿಲ್ಲ, ನೀರಿನ ಪಕ್ಕ ಸುಮ್ಮನೆ ಕೂರಬೇಕು. ಅಷ್ಟು ದೂರ ಹೋಗಿ ಸುಮ್ಮನೆ ಕೂರುವುದೇ ಎಂದು ನಾನು ಜಗಳಕ್ಕೆ ನಿಂತೆ. ಹದಿನೈದು ವರ್ಷದಲ್ಲಿ ನೀನು ಒಂದು ದಿನ ಸುಮ್ಮನೆ ಕೂತಿದ್ದೀಯಾ ಎಂದು ಅವಳು ಕೇಳಿದಾಗ ಪೆನ್ನು ತೆಗೆದು ಆ ದಿನದ ಮುಂದೆ ನಾನೇ ಖಾಲಿ ಎಂದು ಬರೆದೆ.

ನನ್ನ ಪಾಲಿಗೆ ಬಂದದ್ದು ಗುಮಾಸ್ತೆಯ ಕೆಲಸ. ಸೊರೆಂಟೊ ವ್ಯಾಲಿಯ ನನ್ನ ಆಫೀಸಿನಲ್ಲಿ ಫ್ಯಾಕ್ಸ್ ಮಷೀನ್ ಇತ್ತು. ಅವಳ ನೋಟ್‌ಬುಕ್ಕಿನಲ್ಲಿದ್ದುದನ್ನು ನಾನು ಟೈಪ್ ಮಾಡಿ, ಲಾಡ್ಜುಗಳಿಗೆ ನನ್ನ ಹೆಸರಿನಲ್ಲೇ ಫ್ಯಾಕ್ಸ್ ಕಳಿಸಿ, ಬಂದ ಉತ್ತರಗಳನ್ನು ಮನೆಗೆ ತಂದು ಫೈಲಿನಲ್ಲಿ ಇಡುತ್ತಿದ್ದೆ. ಇಟಲಿ ಹೆಸರಿನ ಕಣಿವೆಯಲ್ಲಿ ಕೂತು ಇಟಲಿಗೇ ಕಾಗದ ಬರೀತೀಯಲ್ಲೇ ಎಂದು ಅವಳು ರೇಗಿಸುತ್ತಿದ್ದಳು.

ಅವಳು ತನ್ನ ಗಂಡನಿಗೆ ಮೊದಲ ವಾರವೇ ಹೇಳಿದ್ದಳು. ಅವರು ನಕ್ಕು, ಹೋಗಿ ಬಾ, ಮಕ್ಕಳಿಗೆ ಮೊಟ್ಟೆ ಬೇಯಿಸಿ ಹಾಕೋದು ನನಗೂ ಗೊತ್ತು ಎಂದರಂತೆ. ನಾನು ಏಳು ತಿಂಗಳಾದರೂ ನನ್ನವರಿಗೆ ಹೇಳಿರಲಿಲ್ಲ. ಅವಳ ಗಂಡನಿಗೂ ಬಾಯಿ ಬಿಡಬೇಡಿ ಎಂದು ಹೇಳಿಸಿದ್ದೆ. ನನ್ನವರು ದರ್ಪದ ಗಂಡಸಲ್ಲ. ಆದರೆ ನಮ್ಮಲ್ಲಿ ರಜೆ ಎಂದರೆ ಊರಿಗೆ ಹೋಗುವುದು. ಮಕ್ಕಳನ್ನು ಬಿಟ್ಟು ಹೆಂಗಸೊಬ್ಬಳು ಗೆಳತಿಯ ಜೊತೆ ಸುತ್ತಲು ಹೋಗುವುದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅತ್ತೆ ಉಡುಪಿಯಿಂದ ಫೋನಿನಲ್ಲಿ, ಯಾರ ಜೊತೆ ಎಂದು ಕೇಳಿದರೆ ಅವಳ ಹೆಸರು ಹೇಳಬೇಕಲ್ಲ ಎಂಬ ಅಳುಕೂ ಒಳಗೆ ಇತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇತ್ತು. ಆರ್ಟೀಸಿಯಾದಲ್ಲಿ ಸಿಕ್ಕಾಗಲೆಲ್ಲ ಅವಳು ಹೇಳಿದೆಯಾ ಎಂದು ಕೇಳುತ್ತಿದ್ದಳು, ನಾನು ಮುಂದಿನ ವಾರ ಎನ್ನುತ್ತಿದ್ದೆ.

ಫೆಬ್ರವರಿಯ ಒಂದು ಭಾನುವಾರ ನನ್ನವರು ಕಾರಿನ ರಿಜಿಸ್ಟ್ರೇಷನ್ ಕಾಗದ ಹುಡುಕುತ್ತಾ ಅಡುಗೆಮನೆಯ ಡ್ರಾಯರ್ ಎಳೆದರು. ನಾನು ದೋಸೆ ಹುಯ್ಯುತ್ತಿದ್ದೆ. ಕಾಗದ ಮಗುಚುವ ಸದ್ದಿಗೆ ತಿರುಗಿದರೆ ಅವರ ಕೈಯಲ್ಲಿ ನನ್ನ ಫೈಲು. ಸರೋವರದ ಕಡೆ ಕಿಟಕಿಯಿರುವ ಕೋಣೆ, ಇಬ್ಬರಿಗೆ, ಮೇ ತಿಂಗಳ ನಡುವಿನ ನಾಲ್ಕು ರಾತ್ರಿ. ಆ ನಾಲ್ಕರಲ್ಲಿ ಒಂದು ನಮ್ಮ ಮದುವೆಯ ದಿನ, ಹದಿನೈದನೇ ವರ್ಷದ್ದು. ನನಗೆ ಅದು ಹೊಳೆದೇ ಇರಲಿಲ್ಲ. ಅವರಿಗೆ ಹೊಳೆಯಿತು.

"ನನಗೆ ಗೊತ್ತಾಗದ ಹಾಗೆ ಇಷ್ಟೆಲ್ಲ ಮಾಡಿದಿಯಾ ಮಾರಾಯ್ತಿ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಮದುವೆಯಾದ ಮೇಲೆ ನಾನು ಅದನ್ನು ನೋಡಿದ್ದು ಎರಡನೇ ಸಲ. ಮೊದಲ ಸಲ ಅವರ ಅಪ್ಪ ತೀರಿಕೊಂಡಾಗ.

ಕಾವಲಿಯ ಮೇಲೆ ದೋಸೆ ಸೀದು ಹೋಯಿತು. ಇಲ್ಲ, ಇದು ನಿಮಗಲ್ಲ ಎನ್ನಲು ಆ ಹೊತ್ತಿನಲ್ಲಿ ಯಾವ ಹೆಂಡತಿಗೆ ಬಾಯಿ ಬರುತ್ತದೆ? ನಾಳೆ ಹೇಳೋಣ ಎಂದುಕೊಂಡೆ. ಆದರೆ ಅವರು ಸೋಮವಾರವೇ ರಜೆ ಅಪ್ಲೈ ಮಾಡಿದರು, ಮಕ್ಕಳನ್ನು ನೋಡಿಕೊಳ್ಳಲು ಫ್ರೀಮಾಂಟಿನಲ್ಲಿದ್ದ ತಮ್ಮ ತಂಗಿಯನ್ನು ಕರೆದರು, ವಾರದೊಳಗೆ ಟಿಕೆಟ್ ತಂದು ಮೇಜಿನ ಮೇಲಿಟ್ಟರು.

ಮಾರ್ಚಿನ ಮೊದಲ ಶನಿವಾರ ಚಾಟ್ ಅಂಗಡಿಯಲ್ಲಿ ಅವಳಿಗೆ ಹೇಳಿದೆ. ಅವಳು ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಪ್ಲೇಟು ಪಕ್ಕಕ್ಕೆ ಸರಿಸಿ, ತನ್ನ ಮ್ಯಾಪನ್ನು ಬಿಚ್ಚಿ ನೋಡಿ, ಮತ್ತೆ ಮಡಿಸಿ ನನ್ನ ಕಡೆಗೆ ದೂಡಿದಳು. ಮಿಲಾನಿನಿಂದ ವರೆನ್ನಾಕ್ಕೆ ಹೋಗುವಾಗ ರೈಲಿನ ಎಡಗಡೆ ಕೂರಬೇಕು, ಸರೋವರ ಬರುವುದು ಆ ಕಡೆ, ಎಂದಳು. ನನಗೆ ಅಳು ಬಂತು. ಮುಂದಿನ ವರ್ಷ ನಾವು ಹೋಗೋಣ, ಖಂಡಿತ ಹೋಗೋಣ, ಎಂದು ಗೋಗರೆದೆ.

"ಮುಂದಿನ ವರ್ಷದ್ದು ಬಿಡು. ಅವರಿಗೆ ನಿಜ ಹೇಳು. ಈ ಪ್ಲಾನ್ ನಂದು, ನಾವಿಬ್ರು ಹೋಗ್ಬೇಕಿತ್ತು ಅಂತ. ಹೋಗೋಕೆ ಮುಂಚೆ ಆಗದಿದ್ರೆ ಬಂದ್ಮೇಲಾದ್ರೂ ಹೇಳು. ನಂಗೆ ಅಷ್ಟು ಸಾಕು ಕಣೇ," ಎಂದಳು.

ನಾನು ಮಾತು ಕೊಟ್ಟೆ.

ಇಟಲಿ ಚೆನ್ನಾಗಿತ್ತು. ನನ್ನವರು ಖುಷಿಯಾಗಿದ್ದರು, ಮದುವೆಯ ಹೊಸತರಲ್ಲಿ ಇದ್ದ ಹಾಗೆ ಹರಟುತ್ತಿದ್ದರು. ಅವಳ ರೈಲುಗಳು ಅವಳು ಬರೆದ ನಿಮಿಷಕ್ಕೆ ಬಂದವು. ಅವಳು ಹೇಳಿದ ಕಡೆಯೇ ಸರೋವರ ಕಂಡಿತು, ಆಚೆ ದಂಡೆಯ ಬೆಟ್ಟದ ತಲೆಯಲ್ಲಿ ಇನ್ನೂ ಹಿಮ. ಖಾಲಿ ದಿನ ನೀರಿನ ಪಕ್ಕ ಕೂತಾಗ ಹೇಳಿಬಿಡುವುದು ಎಂದು ನಿರ್ಧರಿಸಿದ್ದೆ. ಆದರೆ ಆ ಬೆಳಿಗ್ಗೆ ನನ್ನವರು, ದೋಣಿ ದಾಟಿ ಬಸ್ಸು ಹಿಡಿದರೆ ಸ್ವಿಟ್ಜರ್ಲೆಂಡಿನ ಲುಗಾನೊ ನೋಡಬಹುದಂತೆ, ಇನ್ನೊಂದು ದೇಶವೂ ಆಯಿತಲ್ಲ ಎಂದರು. ಹೊರಟೆವು. ನಿಜ ಹೇಳಬೇಕೆಂದರೆ ಬಸ್ಸು ಹತ್ತುವಾಗ ನನಗೆ ಹಗುರವೆನಿಸಿತ್ತು. ತಪ್ಪಿಸಿಕೊಳ್ಳಲು ನೆಪ ಸಿಕ್ಕವಳ ನೆಮ್ಮದಿ ಅದು.

ಬಂದ ಮೇಲೂ ಹೇಳಲಿಲ್ಲ. ಜೂನ್ ಕಳೆಯಿತು, ಜುಲೈ ಕಳೆಯಿತು. ಆರ್ಟೀಸಿಯಾದಲ್ಲಿ ಅವಳು ಕೇಳುವುದನ್ನು ಬಿಟ್ಟಿದ್ದಳು. ನಾವು ಮಕ್ಕಳ ಸ್ಕೂಲು, ತರಕಾರಿ ಎಂದು ಏನೇನೋ ಮಾತಾಡಿ ಎದ್ದುಬಿಡುತ್ತಿದ್ದೆವು.

ನವೆಂಬರಿನಲ್ಲಿ ಲಾಸ್ ಏಂಜಲೀಸಿನ ಒಂದು ಸ್ಕೂಲಿನ ಹಾಲಿನಲ್ಲಿ ರಾಜ್ಯೋತ್ಸವ ಇತ್ತು. ಮಕ್ಕಳ ಡ್ಯಾನ್ಸ್ ಮುಗಿದು ಊಟಕ್ಕೆ ಕಾಯುವಾಗ ನನ್ನವರು ಆಲ್ಬಮ್ ತೆಗೆದರು. ಅದನ್ನು ಕಾರಿನಲ್ಲಿ ಇಟ್ಟುಕೊಂಡು ಬಂದಿದ್ದರೆಂದು ನನಗೆ ಗೊತ್ತಿರಲಿಲ್ಲ. ನಾಲ್ಕಾರು ಜನ ಸುತ್ತ ಸೇರಿದರು. ಅವಳೂ ಅವಳ ಗಂಡನೂ ಬಂದು ನಿಂತರು.

"ಇದೆಲ್ಲ ಇವಳೇ ಪ್ಲಾನ್ ಮಾಡಿದ್ದು," ಎಂದರು ನನ್ನವರು, ನನ್ನ ಹೆಗಲ ಮೇಲೆ ಕೈಯಿಟ್ಟು. "ಏಳು ತಿಂಗಳು ಒಬ್ಬಳೇ ಕೂತು, ನನಗೆ ಒಂದು ಮಾತು ಗೊತ್ತಾಗದ ಹಾಗೆ."

ಅವಳ ಗಂಡ ನೆಲ ನೋಡಿದರು. ಅವಳು ನನ್ನನ್ನು ನೋಡಿದಳು. ಕೋಪದ ನೋಟವಲ್ಲ. ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗಿ ಎದ್ದು ನಿಲ್ಲಲಿ ಎಂದು ಟೀಚರು ಕಾಯುವ ಹಾಗೆ ಕಾದಳು. ಒಂದು ವಾಕ್ಯ ಸಾಕಿತ್ತು. ನಗುತ್ತಲೇ ಹೇಳಿಬಿಡಬಹುದಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಅದೇನು ಮಹಾ ಬಿಡಿ," ಎಂದೆ ನಾನು.

ಅವಳು ಆಲ್ಬಮ್ ತೆಗೆದುಕೊಂಡು ಒಂದೊಂದೇ ಪುಟ, ಕೊನೆಯವರೆಗೂ ನೋಡಿದಳು. ಚೆನ್ನಾಗಿ ಬಂದಿದೆ ಎಂದು ನನ್ನವರ ಕೈಗೆ ವಾಪಸ್ ಕೊಟ್ಟು, ಗಂಡನ ಜೊತೆ ಊಟದ ಲೈನಿಗೆ ಹೋದಳು. ಅದಾದ ಮೇಲೆ ಅವರು ಆರ್ಟೀಸಿಯಾಕ್ಕೆ ಬರುವ ಶನಿವಾರ ಬದಲಾಯಿತು. ನನ್ನ ಫೋನಿಗೆ ಮಷೀನು ಉತ್ತರಿಸುತ್ತಿತ್ತು.

ರಾಜ್ಯೋತ್ಸವದ ಆ ದಿನ ಮನೆಗೆ ಬರುವಾಗ, ಟೆಮೆಕ್ಯುಲಾ ಊರು ದಾಟಿದ ಮೇಲೆ ಸಂಜೆಯ ಬಿಸಿಲು ಓರೆಯಾಗಿ ಕಾರೊಳಗೆ ಬೀಳುತ್ತಿತ್ತು. ಮಕ್ಕಳು ಹಿಂದೆ ನಿದ್ದೆ ಹೋಗಿದ್ದರು. ನನ್ನವರು ಡ್ರೈವ್ ಮಾಡುತ್ತಲೇ ಹೇಳಿದರು:

"ನಿನ್ನ ಫ್ರೆಂಡಿಗೆ ಫೋಟೋ ನೋಡಿ ತುಂಬ ಆಸೆ ಆದ ಹಾಗೆ ಕಂಡಿತು. ನೀವಿಬ್ಬರೇ ಒಮ್ಮೆ ಹೋಗಿ ಬನ್ನಿಯಲ್ಲ. ಮಕ್ಕಳನ್ನು ನಾನು ನೋಡ್ಕೊಳ್ತೇನೆ."

ಒಂದು ವರ್ಷ ಮೊದಲು ಕೇಳಿದ್ದರೂ ಹೀಗೇ ಹೇಳುತ್ತಿದ್ದಿರಾ ಎಂದು ಕೇಳಿದೆ. ಹೇಳದೆ ಎಂತ, ಅದರಲ್ಲಿ ಎಂತ ಉಂಟು ಎಂದರು. ನನಗೆ ತಡೆಯಲಾಗಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವರು ಗಾಬರಿಯಾಗಿ ಏನಾಯಿತೆಂದು ಕೇಳಿದರು. ಆಗಲೂ ನಾನು ಹೇಳಲಿಲ್ಲ. ಕಣ್ಣಿಗೆ ಬಿಸಿಲು ಹೊಡೆಯಿತು ಎಂದೆ.