ನೀಲಿ ಮುಚ್ಚಳ, ಕೆಂಪು ಮುಚ್ಚಳ

ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಹದಿನಾಲ್ಕು ಬಚ್ಚಲು ತೊಳೆಯುವ ಆಕೆಗೆ ಅಲ್ಲಿನವರು ಇಟ್ಟ ಹೆಸರು ಫಳಫಳಕ್ಕ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ, ಅದೇ ಮೆಟ್ಟಿಲು, ಅದೇ ಬಾಯಿ. ಒದ್ದೆ ನೆಲದ ಮೇಲೆ ಚಪ್ಪಲಿ ಕಾಲಿಟ್ಟವಳು ಎಂಥ ದೊಡ್ಡವರ ಮಗಳಾದರೂ ಆ ಬಾಯಿಗೆ ಸಿಕ್ಕಿ ಬಚಾವಾದದ್ದಿಲ್ಲ. ಮಂಡಿ ಹಿಡಿದುಕೊಂಡ ಮೇಲೆ ತಂಗಿಯನ್ನೂ ಅಲ್ಲಿಗೇ ಸೇರಿಸಿದಳು. ನಿಂತು ಮಾಡುವ ಕೆಲಸ ಅಕ್ಕನದು, ಕೂತು ಉಜ್ಜುವುದು ತಂಗಿಯದು. ತಂಗಿ ಉಜ್ಜುತ್ತಾ ಹಾಡುತ್ತಿದ್ದಳು. ಬಚ್ಚಲಲ್ಲಿ ಆ ದನಿ ತುಂಬಿಕೊಳ್ಳುವುದನ್ನು ಕೇಳಲೆಂದೇ ಹುಡುಗಿಯರು ಬಕೆಟ್ ಹಿಡಿದು ಬಾಗಿಲಾಚೆ ನಿಲ್ಲುತ್ತಿದ್ದರು.

ಬಚ್ಚಲು ತೊಳೆಯುವ ಔಷಧಿಯನ್ನು ದೊಡ್ಡ ಕ್ಯಾನುಗಳಿಂದ ಹಳೆಯ ನೀರಿನ ಬಾಟಲಿಗಳಿಗೆ ಸುರಿದುಕೊಳ್ಳುವುದು ಅಲ್ಲಿನ ಪದ್ಧತಿ. ಚೀಟಿಗೀಟಿ ಇಲ್ಲ. ನೀಲಿ ಮುಚ್ಚಳದ್ದು ಬ್ಲೀಚು, ಕೆಂಪು ಮುಚ್ಚಳದ್ದು ಆಸಿಡ್ಡು. ಅಕ್ಕ ಕೆಲಸಕ್ಕೆ ಸೇರಿದ ದಿನ ಹಳೆಯ ಮೇಸ್ತ್ರಿ ಒಂದೇ ಮಾತು ಹೇಳಿದ್ದ: "ಇವೆರಡೂ ಅತ್ತೆ ಸೊಸೆ ಇದ್ದಂಗೆ. ಒಂದೇ ಕೋಣೆಗೆ ಬಿಡ್ಬೇಡ." ಯಾಕೆಂದು ಅವನು ಹೇಳಲಿಲ್ಲ, ಆಕೆ ಕೇಳಲೂ ಇಲ್ಲ. ಸುಮ್ಮನೆ ಪಾಲಿಸಿದಳು. ತಂಗಿಗೆ ಮುಚ್ಚಳದ ಬಣ್ಣ ಕಲಿಸಿದಳು, ಮೇಸ್ತ್ರಿಯ ಮಾತು ಹೇಳಲಿಲ್ಲ. ದಿನಕ್ಕೊಂದೇ ಬಾಟಲಿ ಕೈಗೆ ಕೊಡುತ್ತಿದ್ದವಳು ತಾನೇ ಆದ್ದರಿಂದ ಹೇಳುವ ಪ್ರಮೇಯವೇ ಬಂದಿರಲಿಲ್ಲ.

ಹೊಸ ವಾರ್ಡನ್ ಬಂದವಳು ಮೂಲೆ ಬಚ್ಚಲಿನ ಹಳದಿ ಕಲೆ ಕಂಡು ಮೂಗು ಮುರಿದಳು.

"ಸೋಮವಾರದೊಳಗೆ ಇದು ಹೋಗ್ಬೇಕು. ಇಲ್ಲಾಂದ್ರೆ ಮಿಷಿನ್ ಇಟ್ಕೊಂಡಿರೋ ಕಂಪನಿಗೆ ಕೊಟ್ಬಿಡ್ತೀನಿ."

ಬಗ್ಗಿ ಬಗ್ಗಿ ಬೆನ್ನು ಸವೆಸಿದವಳಿಗೆ ಸಿಕ್ಕ ಮರ್ಯಾದೆ ಅಷ್ಟು.

ಆ ಸಂಜೆ ತಂಗಿ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಉಗುರಿಗೆ ಬಣ್ಣ ಹಚ್ಚಿದ ಕೈಯೊಂದು ಇವರ ಬಳಿ ಇದ್ದಂಥ ಬ್ಲೀಚು, ಆಸಿಡ್ಡು ಎರಡನ್ನೂ ಒಟ್ಟಿಗೆ ಸುರಿದು, ಬಾಗಿಲು ಮುಚ್ಚಿಕೊಂಡು ಉಜ್ಜಿದರೆ ಹಾಲಿನಂಥ ನೆಲ. ಕೆಳಗೆ ಮೂರು ಲಕ್ಷ ಮೆಚ್ಚುಗೆ. ಆ ಕೈ ಜನ್ಮದಲ್ಲಿ ಒಂದು ಬಚ್ಚಲು ತೊಳೆದಿರಲಿಕ್ಕಿಲ್ಲ ಎಂಬುದು ಫಳಫಳಕ್ಕನಿಗೂ ಹೊಳೆಯಿತು. ಮೇಸ್ತ್ರಿಯ ಮಾತೂ ನೆನಪಾಯಿತು.

"ಹಾಕೋದಾ ಅಕ್ಕಾ?"

ಮೂರು ಲಕ್ಷ ಜನ ಒಂದು ಕಡೆ, ಯಾವಾಗಲೋ ಸತ್ತುಹೋದ ಮುದುಕ ಒಂದು ಕಡೆ. ಅಷ್ಟು ಜನರೂ ದಡ್ಡರಾಗಿರುತ್ತಾರೆಯೇ ಎಂದುಕೊಂಡಳು.

"ಹಾಕು. ಏನಾಗಲ್ಲ."

ಮರುದಿನ ಬೆಳಿಗ್ಗೆ ತಂಗಿ ಎರಡೂ ಬಾಟಲಿ ಹಿಡಿದು ಒಳಹೊಕ್ಕು ಬಾಗಿಲು ಹಾಕಿಕೊಂಡಳು. ಅಕ್ಕ ಹೊರಗೆ ಕಸ ಗುಡಿಸುತ್ತಿದ್ದಳು. ಹಾಡು ಶುರುವಾಯಿತು, ಎರಡನೆಯ ಸಾಲಿಗೆ ನಿಂತಿತು. ಕೆಮ್ಮು ಕೇಳಿಸಿತು. "ನಾಟಕ ಸಾಕು, ಬೇಗ ಉಜ್ಜು" ಎಂದು ಅಕ್ಕ ಕೂಗಿದಳು. ಅದನ್ನು ನೆನೆದರೆ ಈಗಲೂ ಆಕೆಗೆ ತನ್ನ ನಾಲಿಗೆ ಕಿತ್ತು ಬಿಸಾಡಬೇಕು ಅನ್ನಿಸುತ್ತದೆ. ಕೆಮ್ಮೂ ನಿಂತ ಮೇಲೆ ಬಾಗಿಲು ದೂಡಿದಳು. ಕಣ್ಣು ಮೂಗು ಉರಿಸುವ ಗಾಳಿ ಮುಖಕ್ಕೆ ಹೊಡೆಯಿತು. ತಂಗಿ ಬ್ರಷ್ ಹಿಡಿದುಕೊಂಡೇ ಗೋಡೆಗೆ ಒರಗಿ ಬಿದ್ದಿದ್ದಳು.

ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಎದೆಯ ಒಳಗೆಲ್ಲ ಸುಟ್ಟಿದೆ, ಜೀವ ಉಳಿದದ್ದೇ ಹೆಚ್ಚು, ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರು ಮುಖ ನೋಡದೆ ಹೇಳಿದರು. ಬಚ್ಚಲುಗಳನ್ನು ಈಗ ಕಂಪನಿಯವರು ತೊಳೆಯುತ್ತಾರೆ. ಮೂಲೆಯ ಕಲೆ ಇನ್ನೂ ಹೋಗಿಲ್ಲವಂತೆ. ವಿಡಿಯೋ ಕೂಡ ಇದೆ, ಮೆಚ್ಚಿದವರು ನಾಲ್ಕು ಲಕ್ಷ ದಾಟಿದ್ದಾರೆ.

ತಂಗಿ ದಿನವಿಡೀ ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿರುತ್ತಾಳೆ. ಲೋಟ ನೀರು ಕುಡಿಯಲು ಎರಡು ಸಲ ನಿಲ್ಲಿಸಿ ಉಸಿರು ಎಳೆದುಕೊಳ್ಳಬೇಕು. ಹಾಡಿನ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅಕ್ಕ ಅವಳ ತಲೆ ಬಾಚುತ್ತಾಳೆ, ಮುಖ ಒರೆಸುತ್ತಾಳೆ, ಊಟ ಮಾಡಿಸುತ್ತಾಳೆ. ಬೈಯುವುದನ್ನು ಬಿಟ್ಟಿದ್ದಾಳೆ.

ಮೊನ್ನೆ ಬಾಚಣಿಗೆ ಹಿಡಿದಿದ್ದ ಕೈಯನ್ನು ತಂಗಿ ಹಿಡಿದುಕೊಂಡಳು.

"ನೀನು ಹೀಗೆ ಕೊರಗ್ಬೇಡ ಅಕ್ಕಾ." ಒಂದು ಉಸಿರು. "ನಮಗೇನು ಗೊತ್ತಿತ್ತು." ಇನ್ನೊಂದು ಉಸಿರು. "ಯಾರಾದ್ರೂ ಒಬ್ರು... ಮೊದ್ಲೇ ಹೇಳಿದ್ರೆ... ನಾವು ಮಾಡ್ತಿದ್ವಾ?"

ಹೇಳಿಬಿಡಬೇಕೆಂದು ಅಕ್ಕನ ಬಾಯಿ ತೆರೆಯಿತು. ತಂಗಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ ಕಣೇ" ಎಂದಳು ಫಳಫಳಕ್ಕ. "ಯಾರೂ ಹೇಳಿರ್ಲಿಲ್ಲ."