ಅಳಿಸದೆ ಮಲಗಿಸುವ ಮೇಡಂ

ಮಿಜಾರಿನ ಕಾಲೇಜಿನಲ್ಲಿ ನಮಗೆ ಕಂಪ್ಯೂಟರ್ ಲ್ಯಾಬ್ ತೆಗೆದುಕೊಳ್ಳುತ್ತಿದ್ದ ಮೇಡಂ, ಬರೆದ ಕೋಡನ್ನು ಅಳಿಸಲು ಬಿಡುತ್ತಿರಲಿಲ್ಲ. "ಅಳಿಸುವುದು ಯಾಕೆ ಮಾರಾಯ? ಸ್ವಲ್ಪ ಮಲಗಿಸುವ" ಎನ್ನುತ್ತಿದ್ದರು. ಅವರು ಕೋಡ್ ಬರೆಯುವ ಎಡಿಟರಿನಲ್ಲಿ ಪ್ಲಗಿನ್ ಎಂಬ ಪುಟ್ಟ ಸೇರ್ಪಡೆ ಒಂದಿತ್ತು. ಎರಡು ಕೀ ಒತ್ತಿದರೆ ಬೇಡದ ಸಾಲುಗಳು ಕಾಮೆಂಟ್ ಆಗಿ ಬೂದುಬಣ್ಣಕ್ಕೆ ತಿರುಗುತ್ತಿದ್ದವು. ಕಂಪ್ಯೂಟರ್ ಅವನ್ನು ಓದದೆ ದಾಟುತ್ತಿತ್ತು. ಮತ್ತೆ ಒತ್ತಿದರೆ ಎದ್ದು ಕೂರುತ್ತಿದ್ದವು. ಮಲಗಿಸುವಾಗ ಅವರ ಬಾಯಿಂದ ತಾನಾಗಿ "ಶ್ಶ್" ಹೊರಡುತ್ತಿತ್ತು. ಕಾಲೇಜಿನ ಡಿಬೇಟ್ ತಂಡದಲ್ಲಿದ್ದ ನಾನು, ಇದು ಕಸ ಕೂಡಿಡುವ ಚಟವೆಂದು ವಾದಿಸುತ್ತಿದ್ದೆ. ಆ ವಾದವನ್ನು ಈಗಲೂ ಪೂರ್ತಿ ಬಿಟ್ಟಿಲ್ಲ.

ನಮ್ಮ ಪ್ರಾಜೆಕ್ಟ್ ಊರೂರಿನ ಬಸ್ ಹುಡುಕಿಕೊಡುವಂಥದ್ದು. ಹುಡುಕುವ ಭಾಗವನ್ನು ನಾನೂ ಬರೆದಿದ್ದೆ, ಕಕ್ಕಿಂಜೆ ಊರಿನ ಗೆಳತಿಯೂ ಬರೆದಿದ್ದಳು. ಪ್ರಾಜೆಕ್ಟ್ ಪರೀಕ್ಷೆಯ ಬೆಳಿಗ್ಗೆ, ಯಾರದನ್ನು ಉಳಿಸುವುದೆಂದು ಜಗಳ ಹತ್ತಿತು. "ನನ್ನದನ್ನು ತೆಗೆದರೆ ನಾನು ಪರೀಕ್ಷೆಗೇ ಬರುವುದಿಲ್ಲ" ಎಂದಳು. ಅವಳದನ್ನು ಅಳಿಸಲು ನಾನು ಕೈ ಹಾಕಿದ್ದೆ.

ಮೇಡಂ ಕೀಬೋರ್ಡ್ ಎಳೆದುಕೊಂಡರು. "ನಿನ್ನ ಡಿಬೇಟಿನಲ್ಲಿ ಎದುರಿನವರಿಗೆ ಮೈಕ್ ಕೊಡುವುದಿಲ್ವಾ?"

ಅವಳದನ್ನು ಮಲಗಿಸಿ ನನ್ನದನ್ನು ಓಡಿಸಿದರು. ಉತ್ತರ ಕ್ಷಣದಲ್ಲೇ ಬಂತು: ಮೂಡುಬಿದಿರೆಯಿಂದ ಕಕ್ಕಿಂಜೆಗೆ ಬಸ್ಸೇ ಇಲ್ಲ. ನನ್ನದನ್ನು ಮಲಗಿಸಿ ಅವಳದನ್ನು ಎಬ್ಬಿಸಿದರು. ತಡವಾಯಿತು, ಆದರೆ ಬಸ್ ಸಿಕ್ಕಿತು.

"ಬೆಳ್ತಂಗಡಿಯಲ್ಲಿ ಇಳಿದು ಬೇರೆ ಬಸ್ ಹತ್ತಬೇಕು ಅಂತ ಗೊತ್ತುಂಟಾ ನಿನಗೆ?" ಎಂದಳು ಗೆಳತಿ. ನನ್ನದು ನೇರ ಬಸ್ಸನ್ನು ಮಾತ್ರ ಹುಡುಕುತ್ತಿತ್ತು.

ನಾನು ಉತ್ತರಕ್ಕೆ ಬಾಯಿ ತೆರೆದೆ. ಮೇಡಂ ನನ್ನತ್ತ ತಿರುಗಿ, ಗಾಳಿಯಲ್ಲೇ ಎರಡು ಕೀ ಒತ್ತಿದರು. "ಶ್ಶ್."

ಪರೀಕ್ಷೆಯ ಕೋಣೆಯಲ್ಲಿ ಗೆಳತಿಯೇ ಎಲ್ಲ ವಿವರಿಸಿದಳು. ಕೊನೆಗೆ ಪರೀಕ್ಷಕರು, "ಇಷ್ಟು ನಿಧಾನ ಯಾಕೆ? ಬೇಗ ಹುಡುಕುವ ದಾರಿ ಇಲ್ವಾ?" ಎಂದು ಕೇಳಿದರು. ಅವಳು ತಡವರಿಸಿದಳು.

ಬಾಗಿಲ ಬಳಿ ನಿಂತಿದ್ದ ಮೇಡಂ ನನ್ನನ್ನು ನೋಡಿ, ಗಾಳಿಯಲ್ಲಿ ಮತ್ತೆ ಎರಡು ಕೀ ಒತ್ತಿದರು. ಈ ಸಲ "ಶ್ಶ್" ಇರಲಿಲ್ಲ; ನಾನು ಬಾಯಿ ತೆರೆದೆ.