ಅಡುಗೆಮನೆ ಕಾಣದ ಬಂಗಲೆ

ಜಯನಗರ ನಾಲ್ಕನೇ ಬ್ಲಾಕಿನ ಬಸವಲಿಂಗಮ್ಮನವರಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಹಾಲಿನವನು ಹಸುವನ್ನು ಬಾಗಿಲಿಗೇ ತಂದು ಕರೆಯಬೇಕು. ಅದಕ್ಕೂ ಮೊದಲು ಖಾಲಿ ಚೊಂಬನ್ನು ಬೋರಲು ಹಾಕಿ ತೋರಿಸಬೇಕು. ಮೊಮ್ಮಗಳು ಜಯಶೀಲಾಳಿಗೆ ಗಂಡು ನೋಡಲು ಹೋದರಂತೂ ಮುಗಿದೇಹೋಯಿತು. ಹಜಾರದಲ್ಲಿ ಕೂರದೆ ಸೀದಾ ಅಡುಗೆಮನೆಗೆ ನುಗ್ಗಿ, ಒಲೆ, ಹಂಡೆ, ಹಿತ್ತಲು ಎಲ್ಲವನ್ನೂ ಜಾಲಾಡಿ, ಏನಾದರೊಂದು ಕೊಂಕು ತೆಗೆಯುತ್ತಿದ್ದರು. ಹಾಗೆ ಮುರಿದ ಸಂಬಂಧಗಳು ಒಂದೆರಡಲ್ಲ.

ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಸಂಬಂಧ ಬಂದ ಹುಡುಗ ಕೊಟ್ರಪ್ಪ ಇಂಗ್ಲೆಂಡಿನಲ್ಲಿದ್ದ. ಅಲ್ಲಿಯ ಒಲೆ ನೋಡುವುದು ಹೇಗೆ? ಮಗ ಚನ್ನಬಸವಯ್ಯ ನಾಲ್ಕು ಚಿತ್ರದ ಕಾರ್ಡುಗಳನ್ನು ತಂದು ಮುಂದಿಟ್ಟ. "ನೋಡವ್ವ, ಹುಡುಗ ಇರೋ ಮನೆ."

ಇಟ್ಟಿಗೆಯ ದೊಡ್ಡ ಬಂಗಲೆ, ಹೂದೋಟ, ಓದುವ ಕೋಣೆ, ಮಲಗುವ ಕೋಣೆ. ಬೇರೆಯವರಾಗಿದ್ದರೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

"ಅಡುಗೆಮನೆ ಎಲ್ಲೋ?"

"ಫೋಟೋ ತೆಗ್ದಿಲ್ಲ ಬಿಡವ್ವ."

"ಮಂಚಕ್ಕೆ ಅಡ್ಡ ಹಗ್ಗ ಯಾಕೆ ಕಟ್ಟಿದ್ದಾರೆ?"

"ಆ ದೇಶದಲ್ಲಿ ಹಂಗೇ."

ಕಾರ್ಡಿನ ಹಿಂಬದಿಗೆ ಬಿಳಿ ಕಾಗದ ಅಂಟಿಸಿತ್ತು. ಹುಡುಗ ಪಕ್ಕಾ ಕಳ್ಳ, ಅಲ್ಲೊಬ್ಬಳನ್ನು ಕಟ್ಟಿಕೊಂಡಿರಬೇಕು ಎಂದು ಅಜ್ಜಿ ತೀರ್ಮಾನಿಸಿಬಿಟ್ಟರು. ಮರುದಿನ ಮಗ ಅಂಗಡಿಗೆ ಹೋದದ್ದೇ ತಡ, ಕಾರ್ಡುಗಳನ್ನು ತಟ್ಟೆಯ ನೀರಿನಲ್ಲಿ ನೆನೆಹಾಕಿದರು. ಕಾಗದ ಬಿಟ್ಟುಕೊಂಡಿತು. ಅವರಿಗೆ ಓದು ಬಾರದು, ಜಯಶೀಲಾಳನ್ನು ಕರೆದರು.

"ಮಹಾಯುದ್ಧದ ಕಾಲದಲ್ಲಿ ಆ ದೇಶ ನಡೆಸಿದ ನಾಯಕರ ಮನೆಯಂತೆ ಅಜ್ಜಿ. ಈಗ ಮ್ಯೂಸಿಯಂ ಮಾಡಿದ್ದಾರೆ."

"ನಾನು ಹೇಳ್ಲಿಲ್ವಾ! ಸುಳ್ಳ!"

"ತಾಳಿ ಅಜ್ಜಿ, ಕೆಳಗೆ ಕೊಟ್ರಪ್ಪನವರೇ ಕನ್ನಡದಲ್ಲಿ ಬರೆದಿದ್ದಾರೆ." ಜಯಶೀಲಾ ಮೆಲ್ಲಗೆ ಓದಿದಳು. 'ಇಲ್ಲಿ ನಾನು ಬಾಗಿಲು ಕಾಯುವ ನೌಕರ. ವಾಸ ಒಂದೇ ಕೋಣೆಯಲ್ಲಿ. ಇದನ್ನು ನಿಮ್ಮ ಮಗಳಿಗೆ ತಿಳಿಸಿ, ಅವರು ಒಪ್ಪಿದರೆ ಮಾತ್ರ ಮುಂದುವರಿಯಿರಿ.'

ಕಾಗದ ಅಂಟಿಸಿದ್ದು ಹುಡುಗನಲ್ಲ ಎಂಬುದು ಬಸವಲಿಂಗಮ್ಮನವರಿಗೆ ಹೊಳೆಯಿತು. ಊರಿನವರನ್ನೆಲ್ಲ ಅನುಮಾನಿಸಿದ್ದರು, ಹೆತ್ತ ಮಗನೊಬ್ಬನನ್ನು ಬಿಟ್ಟು.

ಸಂಜೆ ಕೇಳಿದಾಗ ಚನ್ನಬಸವಯ್ಯ ಏನನ್ನೂ ಮುಚ್ಚಿಡಲಿಲ್ಲ. "ನಾನೇ ಅಂಟಿಸಿದೆ ಅವ್ವ. ಇವಳಿಗೆ ಇಪ್ಪತ್ತಾರಾಯ್ತು. ನಿಜ ಹೇಳಿದ್ರೆ ಇದನ್ನೂ ನೀನು ಮುರೀತಿದ್ದೆ."

ಮುರಿಯುತ್ತಿದ್ದೆ ಎಂಬುದು ಅಜ್ಜಿಗೂ ಗೊತ್ತಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಈಗೇನು ಮಾಡೋಣ ಅವ್ವ?" ಎಂದು ಅವನು ಎಂದಿನಂತೆ ಅವರನ್ನೇ ಕೇಳಿದ.

"ಅಪ್ಪ, ಇಷ್ಟು ಸಂಬಂಧ ಬಂದು ಹೋದವು," ಎಂದಳು ಜಯಶೀಲಾ. "ನನ್ನನ್ನ ಕೇಳಿ ಅಂದೋರು ಇವರೊಬ್ಬರೇ." ಒದ್ದೆ ಕಾರ್ಡನ್ನು ಸೆರಗಿನಿಂದ ಒರೆಸಿ, ಅದರಲ್ಲಿದ್ದ ಕೊಟ್ರಪ್ಪನ ವಿಳಾಸ ಬರೆದುಕೊಳ್ಳಲು ಕುಳಿತಳು.